ರೊಟ್ಟಿಗೆ ಕಾಳಿನ ಜೊತೆ ಏಕೆ ಬೇಕು?

ಸವಣೂರು, ಶಿಗ್ಗಾವಿ ಕಡೆ ಜೋಳದ ರೊಟ್ಟಿ. ಹಾನಗಲ್ಲಿನ ಭತ್ತದ ಸೀಮೆಯಲ್ಲಿ ಅನ್ನ. ಹಿರೇಕೆರೂರಿನ ಹೊಲಗಳಲ್ಲಿ ಕಣ್ಣು ಹಾಯಿಸಿದಷ್ಟೂ ಗೋವಿನಜೋಳ. ಹೊಟ್ಟೆ ತುಂಬಲು ಇವು ಸಾಕು. ಆದರೂ ರೊಟ್ಟಿಯ ಪಕ್ಕದಲ್ಲಿ ಹೆಸರುಕಾಳಿನ ಪಲ್ಯವೋ ಜುಣಕವೋ ಇರಬೇಕು, ಅನ್ನದ ಮೇಲೆ ಬೇಳೆಯ ಸಾರು ಬೀಳಬೇಕು, ಕೊನೆಗೆ ಒಂದು ಲೋಟ ಮಜ್ಜಿಗೆ ಬೇಕು ಎಂದು ಮನೆಯ ಹಿರಿಯರು ಹೇಳುತ್ತ ಬಂದಿದ್ದಾರೆ. ಇದು ಬರೀ ನಾಲಗೆಯ ಚಪಲವಲ್ಲ.

ಕಾಳಿನ ಬೆಲೆ ಏರಿತೆಂದರೆ ಅಡುಗೆಮನೆಯಲ್ಲಿ ಮೊದಲು ಕಡಿತವಾಗುವುದು ಕಾಳೇ. ‘ಇನ್ನೊಂದು ರೊಟ್ಟಿ ಹೆಚ್ಚು ತಿಂದರಾಯಿತು, ಖಾರ ಹಚ್ಚಿಕೊಂಡರಾಯಿತು’ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಒಂದು ರೊಟ್ಟಿ ಹೆಚ್ಚು ತಿಂದರೆ ಕಾಳಿನ ಜಾಗ ತುಂಬುವುದೇ? ಹೊಟ್ಟೆ ತುಂಬುತ್ತದೆ, ಕಾಳಿನ ಜಾಗ ಮಾತ್ರ ತುಂಬುವುದಿಲ್ಲ. ಏಕೆಂದು ತಿಳಿಯಬೇಕಾದರೆ ನಿಮ್ಮ ದೇಹದ ಜೀವಕೋಶದೊಳಗೆ ಹಗಲಿರುಳು ನಡೆಯುವ ಒಂದು ಜೋಡಣೆಯ ಕೆಲಸವನ್ನು ನೋಡಬೇಕು.

ಇಪ್ಪತ್ತು ಮಣಿಗಳ ಸರ

ಸ್ನಾಯು, ಚರ್ಮ, ರಕ್ತದ ಹಿಮೋಗ್ಲೋಬಿನ್, ರೋಗದ ವಿರುದ್ಧ ಹೋರಾಡುವ ಪ್ರತಿಕಾಯಗಳು, ಜೀರ್ಣಕ್ರಿಯೆಗೆ ಬೇಕಾದ ಕಿಣ್ವಗಳು ಎಲ್ಲವೂ ಸಸಾರಜನಕದಿಂದ, ಅಂದರೆ ಪ್ರೋಟೀನಿನಿಂದ ಆದವು. ಪ್ರೋಟೀನ್ ಎಂಬುದು ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ಮಣಿಗಳು ಒಟ್ಟು 20 ಬಗೆ. ಇವುಗಳಲ್ಲಿ 9 ಬಗೆಯವನ್ನು ನಮ್ಮ ದೇಹ ತಾನಾಗಿ ತಯಾರಿಸಿಕೊಳ್ಳಲಾರದು. ಅವು ಊಟದಿಂದಲೇ ಬರಬೇಕು. ಲೈಸಿನ್ ಎಂಬುದು ಈ ಒಂಬತ್ತರಲ್ಲಿ ಒಂದು. ಅದರ ಹೆಸರನ್ನು ನೆನಪಿಟ್ಟುಕೊಳ್ಳಿ.

ವಯಸ್ಕರ ದೇಹ ದಿನವೊಂದಕ್ಕೆ ಸುಮಾರು 250ರಿಂದ 300 ಗ್ರಾಂ ಪ್ರೋಟೀನನ್ನು ಒಡೆದು ಮತ್ತೆ ಕಟ್ಟುತ್ತದೆ. ಒಡೆದ ಮಣಿಗಳಲ್ಲಿ ಹೆಚ್ಚಿನವು ಮರಳಿ ಉಪಯೋಗಕ್ಕೆ ಬರುತ್ತವೆ. ಉಳಿದವು ಖರ್ಚಾಗಿ ಹೋಗುತ್ತವೆ. ಆ ಖರ್ಚನ್ನು ತುಂಬಿಕೊಡುವುದೇ ಊಟದ ಪ್ರೋಟೀನಿನ ಕೆಲಸ.

ಯಾವ ಮಣಿಯ ನಂತರ ಯಾವ ಮಣಿ ಬರಬೇಕೆಂಬ ಪಟ್ಟಿ ನಮ್ಮ ವಂಶವಾಹಿಗಳಲ್ಲಿದೆ. ಅದರ ನಕಲು ಆರ್‌ಎನ್‌ಎ ರೂಪದಲ್ಲಿ ರೈಬೋಸೋಮ್ ಎಂಬ ಪುಟ್ಟ ಕಾರ್ಖಾನೆಗೆ ಬರುತ್ತದೆ. ಆದರೆ ಪಟ್ಟಿಯ ಭಾಷೆಯೇ ಬೇರೆ, ಮಣಿಗಳ ಜಾತಿಯೇ ಬೇರೆ. ಪಟ್ಟಿಯನ್ನು ಓದುವ ಶಕ್ತಿ ಅಮೈನೋ ಆಮ್ಲಕ್ಕೆ ಇಲ್ಲ. ನಡುವೆ ಒಬ್ಬ ದುಭಾಷಿ ಇರಲೇಬೇಕೆಂದು ಫ್ರಾನ್ಸಿಸ್ ಕ್ರಿಕ್ 1955ರಲ್ಲೇ ಊಹಿಸಿದ್ದರು. ಕೆಲವೇ ವರ್ಷಗಳಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಮಾಲನ್ ಹೋಗ್ಲಂಡ್ ಮತ್ತು ಪಾಲ್ ಜಾಮೆಕ್ನಿಕ್ ಅಂಥ ಅಣುವನ್ನು ಕಂಡುಹಿಡಿದರು. ಅದೇ ಸಾಗಣೆಯ ಆರ್‌ಎನ್‌ಎ, ಚಿಕ್ಕದಾಗಿ ಟಿ-ಆರ್‌ಎನ್‌ಎ.

ನಾಲ್ಕು ಊರಿನ ಬಸ್ಸುಗಳು

ಇದನ್ನು ಹೀಗೆ ಕಲ್ಪಿಸಿಕೊಳ್ಳಿ. ಹಾವೇರಿಯಲ್ಲಿ ಒಂದು ದೊಡ್ಡ ಮೆರವಣಿಗೆ. ನಾಲ್ಕು ತಾಲ್ಲೂಕಿನವರು ಒಬ್ಬರ ಕೈ ಒಬ್ಬರು ಹಿಡಿದು ಸಾಲಾಗಿ ನಿಲ್ಲಬೇಕು. ಮೊದಲು ಹಾನಗಲ್ಲಿನವರು, ಆಮೇಲೆ ಸವಣೂರಿನವರು, ಮತ್ತೆ ಹಾನಗಲ್ಲಿನವರು, ಆಮೇಲೆ ಶಿಗ್ಗಾವಿಯವರು, ಹಿರೇಕೆರೂರಿನವರು ಎಂದು ಪಟ್ಟಿಯಿದೆ. ಪ್ರತಿ ಊರಿನಿಂದಲೂ ಬೋರ್ಡು ಹಾಕಿಕೊಂಡ ಬಸ್ಸು ಒಬ್ಬೊಬ್ಬರನ್ನೇ ಕರೆತರುತ್ತದೆ. ಹಾವೇರಿಯ ನಿಲ್ದಾಣದಲ್ಲಿ ನಿಂತ ಅಧಿಕಾರಿ ಪಟ್ಟಿಯನ್ನೂ ಬಸ್ಸಿನ ಬೋರ್ಡನ್ನೂ ತಾಳೆ ನೋಡಿ, ಇಳಿದವರನ್ನು ಸಾಲಿಗೆ ಸೇರಿಸುತ್ತಾನೆ.

ಇಲ್ಲಿ ಬಸ್ಸೇ ಟಿ-ಆರ್‌ಎನ್‌ಎ. ಪ್ರಯಾಣಿಕನೇ ಅಮೈನೋ ಆಮ್ಲ. ನಿಲ್ದಾಣದ ಅಧಿಕಾರಿಯೇ ರೈಬೋಸೋಮ್. ಸುಮಾರು 76 ಅಕ್ಷರಗಳಷ್ಟು ಉದ್ದದ ಈ ಟಿ-ಆರ್‌ಎನ್‌ಎ ಅಣುವಿನ ಒಂದು ತುದಿಯಲ್ಲಿ ಮೂರಕ್ಷರದ ಬೋರ್ಡು ಇದೆ, ಇನ್ನೊಂದು ತುದಿಯಲ್ಲಿ ಅಮೈನೋ ಆಮ್ಲ ಕೂರುವ ಆಸನವಿದೆ. ನಮ್ಮ ಜೀವಕೋಶದಲ್ಲಿ ಸೆಕೆಂಡಿಗೆ ಐದಾರು ಬಸ್ಸುಗಳಂತೆ ಬಂದು ಪ್ರಯಾಣಿಕರನ್ನು ಇಳಿಸಿ ಹೋಗುತ್ತಿರುತ್ತವೆ.

ಅಧಿಕಾರಿ ಬೋರ್ಡನ್ನು ನೋಡುತ್ತಾನೆ, ಸರಿ. ಇಳಿದವನ ಮುಖವನ್ನು ನೋಡುತ್ತಾನೆಯೇ? ಈ ಪ್ರಶ್ನೆಗೆ 1962ರಲ್ಲಿ ಅಮೆರಿಕದ ವಿಜ್ಞಾನಿಗಳ ತಂಡವೊಂದು ಜಾಣತನದ ಪ್ರಯೋಗದಿಂದ ಉತ್ತರ ಕಂಡುಕೊಂಡಿತು. ಸಿಸ್ಟೀನ್ ಎಂಬ ಅಮೈನೋ ಆಮ್ಲ ತನ್ನ ಬಸ್ಸಿನಲ್ಲಿ ಕುಳಿತ ಮೇಲೆ, ರಾಸಾಯನಿಕ ಕ್ರಿಯೆಯಿಂದ ಅದನ್ನು ಅಲ್ಲಿಯೇ ಅಲನೀನ್ ಆಗಿ ಮಾರ್ಪಡಿಸಿದರು. ಬೋರ್ಡು ಸಿಸ್ಟೀನಿನದು, ಒಳಗೆ ಕುಳಿತವನು ಅಲನೀನ್. ರೈಬೋಸೋಮ್ ಏನೂ ಅನುಮಾನಿಸದೆ ಸಿಸ್ಟೀನ್ ನಿಲ್ಲಬೇಕಾದ ಜಾಗದಲ್ಲಿ ಅಲನೀನನ್ನು ನಿಲ್ಲಿಸಿತು!

ಎಂದರೆ ಇಡೀ ವ್ಯವಸ್ಥೆಯ ಪ್ರಾಮಾಣಿಕತೆ ನಿಂತಿರುವುದು ಹಾವೇರಿಯಲ್ಲಲ್ಲ, ಆಯಾ ಊರಿನಲ್ಲಿ ಪ್ರಯಾಣಿಕನನ್ನು ಬಸ್ಸು ಹತ್ತಿಸುವವನ ಮೇಲೆ. ಅವನು ಶಿಗ್ಗಾವಿಯವನನ್ನು ಸವಣೂರಿನ ಬಸ್ಸಿಗೆ ಹತ್ತಿಸಿದರೆ ಮುಂದೆ ತಿದ್ದುವವರು ಬಹುತೇಕ ಯಾರೂ ಇಲ್ಲ.

ಹತ್ತಿಸುವವನು ಯಾರು?

ಹತ್ತಿಸುವ ಕೆಲಸ ಮಾಡುವುದು ಒಂದು ಗುಂಪಿನ ಕಿಣ್ವಗಳು. ಒಂದೊಂದು ಅಮೈನೋ ಆಮ್ಲಕ್ಕೂ ತನ್ನದೇ ಆದ ಕಿಣ್ವವಿದೆ. ಇವನ್ನು ನಾವು ಜೋಡಣೆಯ ಕಿಣ್ವಗಳೆಂದು ಕರೆಯೋಣ. ಇವು ಒಂದು ಕೈಯಲ್ಲಿ ಅಮೈನೋ ಆಮ್ಲವನ್ನು ಹಿಡಿದು, ಎಟಿಪಿ ಎಂಬ ಶಕ್ತಿಯ ನಾಣ್ಯವನ್ನು ಟಿಕೆಟ್ಟಿನ ಹಣವಾಗಿ ಕೊಟ್ಟು, ಸರಿಯಾದ ಟಿ-ಆರ್‌ಎನ್‌ಎ ಹುಡುಕಿ ಅದರಲ್ಲಿ ಕೂರಿಸುತ್ತವೆ.

ಬಸ್ಸು ಸರಿಯಾದದ್ದೆಂದು ಇವಕ್ಕೆ ಹೇಗೆ ತಿಳಿಯುತ್ತದೆ? ಹೆಚ್ಚಿನ ಕಿಣ್ವಗಳು ಬೋರ್ಡನ್ನೂ ಬಸ್ಸಿನ ಇತರ ಗುರುತುಗಳನ್ನೂ ಸೇರಿಸಿ ನೋಡುತ್ತವೆ. ಕೆಲವು ಬೋರ್ಡನ್ನು ನೋಡುವುದೇ ಇಲ್ಲ. ಅಲನೀನಿನ ಕಿಣ್ವ ತನ್ನ ಬಸ್ಸನ್ನು ಗುರುತಿಸುವುದು ಆಸನದ ಸಮೀಪದಲ್ಲಿರುವ ಒಂದೇ ಒಂದು ಜೋಡಿ ಅಕ್ಷರದಿಂದ ಎಂದು 1988ರಲ್ಲಿ ಯಾ-ಮಿಂಗ್ ಹೌ ಮತ್ತು ಪಾಲ್ ಶಿಮ್ಮೆಲ್ ತೋರಿಸಿದರು. ಆ ಗುರುತನ್ನು ಬೇರೆ ಬಸ್ಸಿಗೆ ಅಂಟಿಸಿದರೆ ಅದಕ್ಕೂ ಅಲನೀನೇ ಹತ್ತಿತು.

ಪ್ರಯಾಣಿಕನನ್ನು ಗುರುತಿಸುವುದು ಇನ್ನೂ ಕಷ್ಟ. ಐಸೋಲ್ಯೂಸಿನ್ ಮತ್ತು ವ್ಯಾಲಿನ್ ಎಂಬ ಎರಡು ಅಮೈನೋ ಆಮ್ಲಗಳು ಹೆಚ್ಚುಕಡಿಮೆ ಅವಳಿಗಳು. ಒಂದು ಇಂಗಾಲ, ಎರಡು ಜಲಜನಕದ ಪರಮಾಣುಗಳಷ್ಟೇ ವ್ಯತ್ಯಾಸ. ಹಿಡಿತದ ಬಲವನ್ನು ಮಾತ್ರ ನಂಬಿದರೆ ತಪ್ಪುಗಳು ಧಾರಾಳವಾಗಿ ಆಗಬೇಕಿತ್ತು. ನಿಜದಲ್ಲಿ ಆಗುವುದು ಸುಮಾರು 3000ಕ್ಕೆ ಒಂದು. ಇದರ ಗುಟ್ಟು ನಿಮ್ಮ ಅಡುಗೆಮನೆಯಲ್ಲೂ ಇದೆ. ಒಡೆದ ಜೋಳದಿಂದ ನುಚ್ಚನ್ನು ಬೇರೆ ಮಾಡಲು ಎರಡು ಸಾಣಿಗೆ ಬೇಕಲ್ಲವೇ? ದೊಡ್ಡ ಕಣ್ಣಿನದರಲ್ಲಿ ದಪ್ಪ ಕಾಳು ಮೇಲೆ ಉಳಿಯುತ್ತದೆ. ಸಣ್ಣ ಕಣ್ಣಿನದರಲ್ಲಿ ಹಿಟ್ಟು ಕೆಳಗೆ ಇಳಿಯುತ್ತದೆ. ನಡುವೆ ಉಳಿದದ್ದೇ ನುಚ್ಚು. ಐಸೋಲ್ಯೂಸಿನಿನ ಕಿಣ್ವವೂ ಹಾಗೆಯೇ. ತನ್ನದಕ್ಕಿಂತ ದೊಡ್ಡದನ್ನು ಮೊದಲ ಗುಂಡಿಯಲ್ಲಿ ಒಳಗೆ ಬಿಡುವುದಿಲ್ಲ. ಚಿಕ್ಕದಾದ ವ್ಯಾಲಿನ್ ಕಣ್ತಪ್ಪಿಸಿ ಹತ್ತಿಬಿಟ್ಟರೆ, ಎರಡನೆಯ ಗುಂಡಿಯಲ್ಲಿ ಅದನ್ನು ಕತ್ತರಿಸಿ ಕೆಳಗಿಳಿಸುತ್ತದೆ. ಇಂಗ್ಲೆಂಡಿನ ಅಲನ್ ಫರ್ಷ್ಟ್ 1970ರ ದಶಕದಲ್ಲಿ ಇದನ್ನು ‘ಎರಡು ಜರಡಿ’ಯ ವಿಧಾನ ಎಂದೇ ವಿವರಿಸಿದರು.

ಈ ಕ್ಷೇತ್ರದಲ್ಲಿ ನಮ್ಮವರ ದುಡಿಮೆಯೂ ಕಡಿಮೆಯಲ್ಲ. ಮೂರಕ್ಷರದ ಸಂಕೇತಗಳ ಅರ್ಥ ಬಿಡಿಸಿದ್ದಕ್ಕೆ ಹರಗೋಬಿಂದ ಖುರಾನಾ 1968ರಲ್ಲಿ ಮಾರ್ಷಲ್ ನಿರೆನ್‌ಬರ್ಗ್ ಮತ್ತು ರಾಬರ್ಟ್ ಹಾಲಿ ಅವರೊಂದಿಗೆ ನೊಬೆಲ್ ಪಡೆದರು. ಟಿ-ಆರ್‌ಎನ್‌ಎ ಒಂದರ ಪೂರ್ಣ ರಚನೆಯನ್ನು 1965ರಲ್ಲಿ ಮೊದಲು ಬಿಡಿಸಿದವರು ಇದೇ ಹಾಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಮೇಶ್ ವಾರ್ಷ್ಣೇಯ ಅವರ ತಂಡ, ಸರದ ಮೊದಲ ಮಣಿಯನ್ನು ತರುವ ವಿಶೇಷ ಟಿ-ಆರ್‌ಎನ್‌ಎ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದೆ. ತಪ್ಪಾಗಿ ಹತ್ತಿದವರನ್ನು ಜೀವಕೋಶ ಹೇಗೆ ಇಳಿಸುತ್ತದೆ ಎಂಬ ಅಧ್ಯಯನಕ್ಕಾಗಿ ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ರಾಜನ್ ಶಂಕರನಾರಾಯಣನ್ ಅವರಿಗೆ 2020ರ ಇನ್ಫೋಸಿಸ್ ಪ್ರಶಸ್ತಿ ಸಂದಿತು.

ಜೋಡಣೆ ಕೆಟ್ಟರೆ

ಅಷ್ಟು ಚಿಕ್ಕ ತಪ್ಪಿನಿಂದ ಏನಾದೀತು ಎಂದು ನೀವು ಕೇಳಬಹುದು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಲನೀನಿನ ಕಿಣ್ವದ ತಪಾಸಣೆಯ ಭಾಗದಲ್ಲಿ ಒಂದೇ ಒಂದು ಬದಲಾವಣೆಯಿದ್ದ ಇಲಿಗಳನ್ನು ಪರೀಕ್ಷಿಸಲಾಯಿತು. ಅಲನೀನಿನ ಬಸ್ಸಿಗೆ ಆಗೊಮ್ಮೆ ಈಗೊಮ್ಮೆ ಸೆರಿನ್ ಹತ್ತುತ್ತಿತ್ತು, ಅಷ್ಟೇ. ಆ ಇಲಿಗಳ ಕಿರುಮೆದುಳಿನ ನರಕೋಶಗಳು ಸಾಯತೊಡಗಿ, ಅವು ತೂರಾಡುತ್ತ ನಡೆಯತೊಡಗಿದವು.

ಮನುಷ್ಯರಲ್ಲೂ ಜೋಡಣೆಯ ಕಿಣ್ವಗಳಿಗೆ ಸಂಬಂಧಿಸಿದ ರೋಗಗಳಿವೆ. ಅಪರೂಪದ ಒಂದು ಕಾಯಿಲೆಯಲ್ಲಿ ದೇಹ ತನ್ನದೇ ಜೋಡಣೆಯ ಕಿಣ್ವದ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಇವುಗಳಲ್ಲಿ ಹೆಚ್ಚಾಗಿ ಕಾಣುವುದು ‘ಜೋ-1’ ಎಂಬ ಪ್ರತಿಕಾಯ. ಅದರ ಗುರಿ ಹಿಸ್ಟಿಡಿನ್ ಹತ್ತಿಸುವ ಕಿಣ್ವ ಎಂಬುದು 1983ರಲ್ಲಿ ತಿಳಿಯಿತು. ತೊಡೆ ಮತ್ತು ಭುಜದ ಸ್ನಾಯುಗಳು ಸೋಲುವುದು, ನೆಲದಿಂದ ಏಳಲು ಕೈಯೂರಬೇಕಾಗುವುದು, ಕೀಲುನೋವು, ಬಹಳ ದಿನ ಉಳಿಯುವ ಒಣಕೆಮ್ಮು, ಏದುಸಿರು, ಬೆರಳಿನ ಅಂಚಿನ ಚರ್ಮ ಒರಟಾಗಿ ಬಿರಿಯುವುದು ಇದರ ಲಕ್ಷಣಗಳು. ಹೊಲದ ಕೆಲಸ ಮಾಡುವವರ ಕೈ ಬಿರಿಯುವುದು ಸಹಜ. ಅದೊಂದನ್ನೇ ನೋಡಿ ಗಾಬರಿಯಾಗಬೇಡಿ. ಆದರೆ ಸ್ನಾಯು ಸೋಲುವುದು ಮತ್ತು ಏದುಸಿರು ಜೊತೆಯಾಗಿ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ರಕ್ತಪರೀಕ್ಷೆಯಿಂದ ಪತ್ತೆಹಚ್ಚಬಹುದು, ಚಿಕಿತ್ಸೆಯೂ ಇದೆ.

ಇದೇ ಜೋಡಣೆಯನ್ನು ರೋಗಾಣುಗಳಲ್ಲಿ ಕೆಡಿಸುವ ಔಷಧವೊಂದು ನಿಮ್ಮ ಮನೆಗೂ ಬಂದಿರಬಹುದು. ಮಕ್ಕಳ ಮೂಗಿನ ಸುತ್ತ ಕೀವುಗುಳ್ಳೆಯಾದಾಗ ವೈದ್ಯರು ಬರೆದುಕೊಡುವ ಮುಪಿರೋಸಿನ್ ಮುಲಾಮು ಬ್ಯಾಕ್ಟೀರಿಯಾದ ಐಸೋಲ್ಯೂಸಿನ್ ಕಿಣ್ವದ ಗುಂಡಿಯಲ್ಲಿ ಹೋಗಿ ಕೂತುಬಿಡುತ್ತದೆ. ಬಸ್ಸು ಹತ್ತಿಸುವವರಿಲ್ಲದೆ ರೋಗಾಣುವಿನ ಪ್ರೋಟೀನ್ ತಯಾರಿಕೆ ನಿಲ್ಲುತ್ತದೆ. ನಮ್ಮ ಕಿಣ್ವದ ಗುಂಡಿಯ ಆಕಾರ ಬೇರೆಯಾದ್ದರಿಂದ ನಮಗೆ ತೊಂದರೆಯಿಲ್ಲ. ಆದರೆ ಬೇಕೆಂದಾಗ ಹಚ್ಚಿ, ಸ್ವಲ್ಪ ಒಣಗಿದೊಡನೆ ಬಿಟ್ಟು, ಮತ್ತೆ ನೆರೆಮನೆಯವರಿಗೂ ಕೊಡುವ ರೂಢಿ ಒಳ್ಳೆಯದಲ್ಲ. ಮುಪಿರೋಸಿನ್‌ಗೆ ಜಗ್ಗದ ರೋಗಾಣುಗಳು ಈಗಾಗಲೇ ಹುಟ್ಟಿಕೊಂಡಿವೆ. ವೈದ್ಯರು ಹೇಳಿದಷ್ಟು ದಿನ, ಹೇಳಿದವರಿಗೆ ಮಾತ್ರ ಹಚ್ಚಿ.

ಪ್ರಯಾಣಿಕನೇ ಬಾರದಿದ್ದರೆ

ಈಗ ರೊಟ್ಟಿಯ ಮಾತಿಗೆ ಬರೋಣ. ಕಿಣ್ವಗಳು ಇಷ್ಟು ಕಟ್ಟುನಿಟ್ಟಾಗಿರುವುದರಿಂದಲೇ ಒಂದು ಅಮೈನೋ ಆಮ್ಲದ ಬದಲಿಗೆ ಇನ್ನೊಂದನ್ನು ದೇಹ ಬಳಸಲಾರದು. ಲೈಸಿನ್ ಬಾರದಿದ್ದರೆ ಅದರ ಬಸ್ಸು ಖಾಲಿ ಉಳಿಯುತ್ತದೆ. ಬೇರೆ ಯಾರನ್ನೂ ಅದರಲ್ಲಿ ಕೂರಿಸುವಂತಿಲ್ಲ. ಸಾಲು ಅಲ್ಲಿಗೆ ನಿಲ್ಲುತ್ತದೆ. ಖಾಲಿ ಬಸ್ಸುಗಳು ಹೆಚ್ಚಾದದ್ದನ್ನು ಗುರುತಿಸುವ ಒಂದು ಕಾವಲುಗಾರ ಪ್ರೋಟೀನ್ ಜೀವಕೋಶದಲ್ಲಿದೆ, ಜಿಸಿಎನ್-2 ಎಂದು ಅದರ ಹೆಸರು. ಅದು ‘ಸಾಮಾನು ಸಾಲದು, ಕೆಲಸ ತಗ್ಗಿಸಿ’ ಎಂದು ಆಜ್ಞೆ ಕೊಟ್ಟು ಪ್ರೋಟೀನ್ ತಯಾರಿಕೆಯನ್ನು ಕಡಿಮೆ ಮಾಡುತ್ತದೆ. ಉಳಿದ 19 ಬಗೆಯವು ಎಷ್ಟಿದ್ದರೂ ಪ್ರಯೋಜನವಿಲ್ಲ. ಕೊಬ್ಬಿನಂತೆ ಕೂಡಿಡಲು ಅಮೈನೋ ಆಮ್ಲಗಳಿಗೆ ಉಗ್ರಾಣವೂ ಇಲ್ಲ. ಹೆಚ್ಚಾದದ್ದು ಸುಟ್ಟುಹೋಗುತ್ತದೆ.

ಜೋಳ, ಗೋವಿನಜೋಳ, ಅಕ್ಕಿ, ಗೋಧಿ ಎಲ್ಲದರಲ್ಲೂ ಕೊರತೆ ಬೀಳುವುದು ಇದೇ ಲೈಸಿನ್. ಒಂದು ಲೆಕ್ಕ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿಯಂತೆ ವಯಸ್ಕರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 30 ಮಿಲಿಗ್ರಾಂ ಲೈಸಿನ್ ಬೇಕು. 60 ಕಿಲೋ ತೂಕದವರಿಗೆ 1.8 ಗ್ರಾಂ ಆಯಿತು. ದಿನಕ್ಕೆ ಐದಾರು ರೊಟ್ಟಿ, ಅಂದರೆ ಸುಮಾರು 400 ಗ್ರಾಂ ಜೋಳದ ಹಿಟ್ಟು ತಿಂದರೆ 40 ಗ್ರಾಂನಷ್ಟು ಪ್ರೋಟೀನ್ ಸಿಗುತ್ತದೆ. ಕೇಳಲು ಕಡಿಮೆಯೇನಲ್ಲ. ಆದರೆ ಅದರಲ್ಲಿರುವ ಲೈಸಿನ್ ಹೆಚ್ಚೆಂದರೆ 0.9 ಗ್ರಾಂ, ಬೇಕಾದದ್ದರ ಅರ್ಧ. ಇದೇ ಊಟಕ್ಕೆ ದಿನದಲ್ಲಿ 80 ಗ್ರಾಂ ಬೇಳೆಕಾಳು ಸೇರಿದರೆ ಇನ್ನೂ ಒಂದು ಗ್ರಾಂಗಿಂತ ಹೆಚ್ಚು ಲೈಸಿನ್ ಬಂದು ಲೆಕ್ಕ ತುಂಬುತ್ತದೆ. ಕಾಳಿನಲ್ಲಿ ಕೊರತೆಯಿರುವುದು ಮೆಥಿಯೋನಿನ್. ಅದನ್ನು ಜೋಳ, ಅಕ್ಕಿ ತುಂಬಿಕೊಡುತ್ತವೆ. ಹೀಗೆ ಒಂದರ ಕೊರತೆಯನ್ನು ಇನ್ನೊಂದು ನೀಗಿಸುತ್ತದೆ.

ಈ ಸಂಗತಿ ಕೋಳಿ ಆಹಾರ ತಯಾರಿಸುವವರಿಗೆ ಚೆನ್ನಾಗಿ ಗೊತ್ತು. ಕೋಳಿಯ ಆಹಾರದಲ್ಲಿ ಗೋವಿನಜೋಳವೇ ಮುಖ್ಯ. ಆದರೆ ಅದೊಂದನ್ನೇ ಹಾಕಿದರೆ ಕೋಳಿ ಬೆಳೆಯುವುದಿಲ್ಲವೆಂದು ಸೋಯಾ ಹಿಂಡಿಯನ್ನೂ, ಅದರ ಮೇಲೆ ಲೈಸಿನ್ ಮತ್ತು ಮೆಥಿಯೋನಿನ್ ಪುಡಿಯನ್ನೂ ಅಳೆದು ಬೆರೆಸುತ್ತಾರೆ. ನಮ್ಮ ಜಿಲ್ಲೆಯ ಗೋವಿನಜೋಳ ಮಾರುಕಟ್ಟೆ ದಾಟಿ ಹೋದ ಮೇಲೆ ಕೋಳಿಗೆ ಇಷ್ಟು ಜಾಗ್ರತೆಯ ಊಟವಾಗುತ್ತದೆ. ಮನೆಯ ಕೂಸಿಗೆ ಅಷ್ಟೇ ಜಾಗ್ರತೆ ಬೇಡವೇ? ಲೈಸಿನ್ ಹೆಚ್ಚಿರುವ ಗೋವಿನಜೋಳದ ತಳಿಗಳೂ ಇವೆ. ಇವುಗಳ ಅಭಿವೃದ್ಧಿಗಾಗಿ ಸುರಿಂದರ್ ವಾಸಲ್ ಮತ್ತು ಇವಾಂಜೆಲಿನಾ ವಿಯೆಗಾಸ್ ಅವರಿಗೆ 2000ದಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು.

ತಟ್ಟೆಯಲ್ಲಿ ಏನಿರಬೇಕು?

ಇದಕ್ಕಾಗಿ ದುಬಾರಿ ಡಬ್ಬದ ಪುಡಿ ಕೊಳ್ಳಬೇಕಾಗಿಲ್ಲ. ಕೆಲವು ಮಾತುಗಳನ್ನು ಗಮನದಲ್ಲಿಟ್ಟರೆ ಸಾಕು.

* ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆಕಾಳು ಇರಲಿ. ಹೆಸರು, ಮಡಕಿ, ಅಲಸಂದಿ, ಹುರುಳಿ, ಕಡಲೆ, ತೊಗರಿ ಯಾವುದಾದರೂ ಸರಿ. ದುಬಾರಿಯದೇ ಆಗಬೇಕೆಂದಿಲ್ಲ.

* ಶೇಂಗಾ ಹಿಂಡಿ ಹಚ್ಚಿಕೊಂಡರೆ ಕಾಳು ಬೇಡವೆಂದು ತಿಳಿಯಬೇಡಿ. ಶೇಂಗಾದಲ್ಲಿ ಪ್ರೋಟೀನ್ ಹೇರಳ, ಆದರೆ ಅದರಲ್ಲೂ ಲೈಸಿನ್ ಕಡಿಮೆಯೇ. ರೊಟ್ಟಿ, ಹಿಂಡಿ ಎರಡೂ ಸೇರಿದರೂ ಕೊರತೆ ಉಳಿಯುತ್ತದೆ. ಹಿಂಡಿಯ ಜೊತೆ ಕಾಳು ಪಲ್ಯವೋ ಮೊಸರೋ ಇರಲಿ.

* ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ಲೈಸಿನ್ ಧಾರಾಳವಾಗಿದೆ. ತಿನ್ನುವ ಮನೆಗಳಲ್ಲಿ ಮಗುವಿಗೆ ಒಂದು ಮೊಟ್ಟೆ, ತಿನ್ನದ ಮನೆಗಳಲ್ಲಿ ಒಂದು ಲೋಟ ಹಾಲು ಅಥವಾ ಒಂದು ಬಟ್ಟಲು ಮೊಸರು ಒಳ್ಳೆಯ ಜೊತೆ.

* ಅನ್ನ ಉಣ್ಣುವವರು ತಿಳಿಸಾರನ್ನು ಬೇಳೆಯೆಂದು ಎಣಿಸಬೇಡಿ. ನೀರಿನಲ್ಲಿ ಪ್ರೋಟೀನ್ ಇಲ್ಲ. ತಳದಲ್ಲಿರುವ ಬೇಳೆ ತಟ್ಟೆಗೆ ಬರಬೇಕು.

* ಎಲ್ಲವೂ ಒಂದೇ ತುತ್ತಿನಲ್ಲಿ ಸೇರಬೇಕೆಂಬ ನಿಯಮವಿಲ್ಲ. ವಯಸ್ಕರಿಗೆ ಒಂದೇ ದಿನದಲ್ಲಿ ಬಂದರೆ ಸಾಕು. ಆದರೆ ಇಂದಿನ ಕೊರತೆಯನ್ನು ವಾರದ ಕೊನೆಯ ಹಬ್ಬದೂಟ ತುಂಬಲಾರದು.

* ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರು ಹೇಳಿದ ಮಿತಿಯನ್ನು ಮೀರಬೇಡಿ.

ಮುಖ್ಯವಾಗಿ ಮಕ್ಕಳ ಕಡೆ ನೋಡಿ. ವಯಸ್ಕರಿಗೆ ತೂಕದ ಕಿಲೋಗೆ 30 ಮಿಲಿಗ್ರಾಂ ಲೈಸಿನ್ ಸಾಕಾದರೆ, ಒಂದರಿಂದ ಎರಡು ವರ್ಷದ ಮಗುವಿಗೆ 45 ಮಿಲಿಗ್ರಾಂ ಬೇಕು. ಅದು ಇದ್ದ ದೇಹವನ್ನು ಉಳಿಸಿಕೊಳ್ಳುವುದಷ್ಟೇ ಅಲ್ಲ, ಹೊಸ ದೇಹವನ್ನು ಕಟ್ಟುತ್ತಿದೆ. ಆರು ತಿಂಗಳು ತುಂಬಿದ ಮೇಲೆ ತಾಯಿಯ ಹಾಲಿನ ಜೊತೆ ಬರೀ ಅಕ್ಕಿಯ ಗಂಜಿ ಅಥವಾ ರೊಟ್ಟಿಯ ತುಣುಕು ಕೊಡುವ ಬದಲು, ಹೆಸರುಬೇಳೆ ಬೆರೆಸಿದ ಮೆತ್ತನೆಯ ಅನ್ನ ಕೊಡಿ. ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಕಾಳಿನ ಪಾಲು ಹೆಚ್ಚಾಗಿರಲಿ. ಎಷ್ಟೋ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಂಗಸರಿಗೆ ಉಳಿಯುವುದು ರೊಟ್ಟಿ ಮತ್ತು ಖಾರ ಮಾತ್ರ. ಪಲ್ಯದ ಪಾತ್ರೆ ಅಷ್ಟರಲ್ಲಿ ಬರಿದಾಗಿರುತ್ತದೆ.

ಆದ್ದರಿಂದ ಇಂದು ರಾತ್ರಿ ಒಂದು ಕೆಲಸ ಮಾಡಿ. ಮಲಗುವ ಮೊದಲು ಮನೆಯ ಮಂದಿಯನ್ನು ಎಣಿಸಿ, ತಲೆಗೊಂದು ಹಿಡಿಯಂತೆ ಕಾಳನ್ನು ನೀರಿನಲ್ಲಿ ನೆನೆಹಾಕಿ. ಎಣಿಸುವಾಗ ಕೊನೆಗೆ ಉಣ್ಣುವವರನ್ನು ಮರೆಯಬೇಡಿ.